ಬರ ಹೆತ್ತ ಮಕ್ಕಳು

ಏಪ್ರಿಲ್ ತಿಂಗಳಲ್ಲಿ ಚಳ್ಳಕೆರೆ ಕಡೆ ಹೊರಟೆ ಅಂದರೆ ಜನ ಕೇಳುವುದು ಎಣ್ಣೆ ಗಿರಣಿಯ ವ್ಯವಹಾರವೋ, ಕಂಬಳಿ ಖರೀದಿಯೋ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆಯೋ ಎಂದು. ಓತಿಕ್ಯಾತ ನೋಡೋಕೆ ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದವರು ನನ್ನ ಕೊರಳಲ್ಲಿದ್ದ ದುರ್ಬೀನು ನೋಡಿ, "ಡಿಆರ್‌ಡಿಒದೋರಾ?" ಅಂದರು. ಅಲ್ಲ ಅಂದೆ. ಬಂದ ಕಾರಣ ಹೇಳಿದ ಮೇಲೆ ಅವರು ಕಿಟಕಿ ಕಡೆ ತಿರುಗಿ ಕೂತರು.

ಅವರ ಊಹೆಯಲ್ಲಿ ತಪ್ಪೇನಿಲ್ಲ. ವರವು ಕಾವಲ್ ಈಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದೇ ಹಾಗೆ. ಇಲ್ಲಿನ ಸುಮಾರು 4,000 ಎಕರೆ ಡಿಆರ್‌ಡಿಒ ಪಾಲಾಗಿ, ವಿಮಾನ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಯಾಯಿತು. ರುಸ್ತುಂ ಡ್ರೋನು ಹಾರಿದ್ದು, ಇಸ್ರೋದ ರೆಕ್ಕೆಯ ವಾಹನ 'ಪುಷ್ಪಕ್' ತಾನೇ ತಾನಾಗಿ ಬಂದು ನೆಲಕ್ಕಿಳಿದದ್ದು ಆ ಓಡುದಾರಿಯಲ್ಲೇ. ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಅದಕ್ಕೂ ಮುಂಚೆ ಇದೆಲ್ಲ ಅಮೃತಮಹಲ್ ಕಾವಲು, ಮೈಸೂರು ಅರಸರ ದನಗಳು ಮೇಯಲು ಕಾಯ್ದಿಟ್ಟ ಹುಲ್ಲುಗಾವಲು. ಅದಕ್ಕೂ ಮುಂಚೆ ಏನಿತ್ತು? ಅದನ್ನು ಹೇಳಬಲ್ಲ ದಾಖಲೆ ಯಾವ ತಾಲ್ಲೂಕು ಕಚೇರಿಯಲ್ಲೂ ಇಲ್ಲ. ಅದು ಇರುವುದು ನಾಲ್ಕು ಬೆರಳಿನ ಒಂದು ಪಾದದಲ್ಲಿ. ನಾನು ನೋಡಲು ಬಂದದ್ದು ಆ ಪಾದವನ್ನು.

ಡಿಆರ್‌ಡಿಒ ಗೋಡೆಯ ಹೊರಗುಳಿದ ಕಾವಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ನೆಲ ಕಾದಿತ್ತು. ಹುಲ್ಲು ಒಣಗಿ ಬಿಳಿಚಿತ್ತು. ಹಂಚಿಕಡ್ಡಿಯ ಬುಡಗಳ ನಡುವೆ ಬೆಣಚುಕಲ್ಲಿನ ಚೂರು, ಅಲ್ಲೊಂದು ಇಲ್ಲೊಂದು ಕಾರೆ, ತಂಗಡಿ, ಮೋಟು ಈಚಲು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಈ ಸೀಮೆ ಬರುತ್ತದೆ ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬರುವವರೆಲ್ಲ "ಏನೂ ಇಲ್ಲದ ಜಾಗ" ಎಂದು ಬರೆದು ಹೋಗುವುದೂ ಇದಕ್ಕೇ.

ಮೊಣಕಾಲೆತ್ತರದ ಒಂದು ಕಲ್ಲಿನ ಮೇಲೆ ಓತಿಕ್ಯಾತ ಬಂದು ನಿಂತಿತು. ಬಾಲ ಬಿಟ್ಟರೆ ನನ್ನ ಕಿರುಬೆರಳಿನಷ್ಟೂ ಇಲ್ಲ. ಬೆನ್ನ ಮೇಲೆ ಮಣ್ಣಿನ ಬಣ್ಣ, ನಡುವೆ ಕಂದು ವಜ್ರದಾಕಾರದ ಗುರುತುಗಳ ಸಾಲು. ಸುಮ್ಮನಿದ್ದಾಗ ಕಣ್ಣಿಗೇ ಬೀಳದ ಪ್ರಾಣಿ. ಎರಡು ಸಲ ತಲೆ ಆಡಿಸಿತು, ಮುಂಗಾಲು ಊರಿ ಎದೆ ಎತ್ತಿತು, ಆಮೇಲೆ ಗಂಟಲ ಕೆಳಗೆ ಮಡಚಿಟ್ಟಿದ್ದ ತೊಗಲು ಚಕ್ಕನೆ ಬಿಚ್ಚಿಕೊಂಡಿತು. ಬಿಚ್ಚಿತು, ಮಡಚಿತು, ಬಿಚ್ಚಿತು. ಎದುರು ಬಿಸಿಲಿನಲ್ಲಿ ಆ ತೊಗಲಿನೊಳಗಿಂದ ಬೆಳಕು ಹಾಯುತ್ತಿತ್ತು. ಇಷ್ಟು ಸಣ್ಣ ಮೈಯಲ್ಲಿ ಇಷ್ಟು ದೊಡ್ಡ ಆಡಂಬರ ಎಲ್ಲಿ ಅಡಗಿತ್ತು ಎಂದು ಬಾಯಿ ಬಿಟ್ಟುಕೊಂಡು ಕೂತೆ. ಮೊದಲ ಮಳೆಗೆ ಮುಂಚಿನ ಈ ವಾರಗಳು ಅವುಗಳ ಮದುವೆಯ ಕಾಲ. ಗಂಡುಗಳೆಲ್ಲ ತಮ್ಮ ತಮ್ಮ ಕಲ್ಲು ಹಿಡಿದು ಹೆಣ್ಣುಗಳಿಗೆ ಗಂಟಲು ತೋರಿಸುತ್ತವೆ, ಪಕ್ಕದ ಕಲ್ಲಿನ ಗಂಡಿಗೆ ಎಚ್ಚರಿಕೆಯನ್ನೂ ಕೊಡುತ್ತವೆ.

"ಬಿಸ್ಲು ಏರ್ಲಿ ಸಾಮಿ, ಇನ್ನೂ ಕುಣಿತಾವೆ" ಎಂದರು ಹಿಂದಿನಿಂದ ಒಬ್ಬರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ದೇವರ ಎತ್ತುಗಳ ಕಿಲಾರಿ. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನಗಳನ್ನು ಮೇಯಿಸುವುದೇ ಕಿಲಾರಿಯ ಕೆಲಸ. ಆ ದನಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ.

ನಾನು ದುರ್ಬೀನನ್ನು ಅವರ ಕೈಗೆ ಕೊಟ್ಟೆ. "ಹಿಂಗಾಲಿನ ಬೆರಳು ಎಣಿಸಿ ನೋಡಿ ಯಜಮಾನ್ರೆ."

ಸ್ವಲ್ಪ ಹೊತ್ತು ನೋಡಿದರು. "ನಾಕೈತೆ. ಒಂದು ಮುರಿದೋಗೈತೇನೋ."

ಮುರಿದು ಹೋದದ್ದಲ್ಲ. ಹೋದದ್ದು ಲಕ್ಷಾಂತರ ವರ್ಷಗಳ ಹಿಂದೆ, ಇದರ ಯಾವುದೋ ಪೂರ್ವಜನ ಕಾಲದಲ್ಲಿ. ಬೇಲಿ ಮೇಲಿನ ಸಾಮಾನ್ಯ ಓತಿಕ್ಯಾತಕ್ಕೆ ಹಿಂಗಾಲಿನಲ್ಲಿ ಐದು ಬೆರಳು. ಇವುಗಳ ಅತಿ ಹತ್ತಿರದ ನೆಂಟ ಓಟೊಕ್ರಿಪ್ಟಿಸ್ ಬಳಗಕ್ಕೂ ಐದೇ. ಅದು ಇರುವುದು ದಕ್ಷಿಣದ ಪಶ್ಚಿಮ ಘಟ್ಟದಲ್ಲಿ ಮತ್ತು ಶ್ರೀಲಂಕಾದಲ್ಲಿ, ನೆರಳು ದಟ್ಟವಾದ ಕಾಡಿನ ತರಗೆಲೆಗಳ ನಡುವೆ. ಬಯಲಿಗೆ ಬಂದ ಕವಲು ಮಾತ್ರ ಒಂದು ಬೆರಳು ಕಳೆದುಕೊಂಡಿತು. ಆ ಕವಲಿನಿಂದ ಹುಟ್ಟಿದ ಅಷ್ಟೂ ಮಕ್ಕಳು ಆ ನಷ್ಟವನ್ನು ಹೊತ್ತು ತಿರುಗುತ್ತಿವೆ.

ಯಾವ ಪ್ರಾಣಿ ಯಾವುದಕ್ಕೆ ನೆಂಟ ಎಂದು ಪತ್ತೆ ಮಾಡುವ ಶಾಸ್ತ್ರದ ಮೂಲ ಸೂತ್ರ ಇಷ್ಟೇ ಎನ್ನಬಹುದು. ಎರಡು ಪ್ರಾಣಿಗಳು ನೋಡಲು ಒಂದೇ ಥರ ಇದ್ದರೆ ಸಾಲದು. ಇತ್ತೀಚೆಗೆ ಆದ ಬದಲಾವಣೆಯನ್ನು ಎರಡೂ ಹಂಚಿಕೊಂಡಿರಬೇಕು. ಐದು ಬೆರಳು ಇದೆ ಎನ್ನುವುದರಿಂದ ಏನೂ ತಿಳಿಯುವುದಿಲ್ಲ, ನನಗೂ ಐದೇ ಇದೆ. ನಾಲ್ಕು ಎನ್ನುವುದು ಸುಳಿವು. ಆದರೆ ಒಂದೇ ಸುಳಿವು ನಂಬಿ ಕೂತರೆ ಎಡವುತ್ತೇವೆ. ಗಂಟಲ ಬೀಸಣಿಗೆಯನ್ನೇ ನೋಡಿ: ಕೆರಿಬಿಯನ್ ದ್ವೀಪಗಳ ಅನೋಲ್ ಎಂಬ ಹಲ್ಲಿಗಳಿಗೂ ಇಂಥದ್ದೇ ಬೀಸಣಿಗೆ ಇದೆ. ಅವಕ್ಕೂ ಇವಕ್ಕೂ ಹತ್ತಿರದ ಸಂಬಂಧ ಇಲ್ಲ. ಹೆಣ್ಣಿನ ಕಣ್ಣು ಸೆಳೆಯುವ ಕಷ್ಟ ಎಲ್ಲ ಕಡೆಯೂ ಒಂದೇ ಇರಬೇಕು, ಉಪಾಯವೂ ಎರಡು ಕಡೆ ಬೇರೆ ಬೇರೆಯಾಗಿ ಹೊಳೆದಿದೆ. ಅದಕ್ಕೇ ಈಗಿನವರು ಬೆರಳು, ಬಣ್ಣ, ಹುರುಪೆಗಳ ಜೊತೆಗೆ ಡಿಎನ್‌ಎಯ ಸಾವಿರಾರು ಅಕ್ಷರಗಳನ್ನೂ ಸಾಲಾಗಿಟ್ಟು ಓದುತ್ತಾರೆ.

ಹೀಗೆ ಓದಿದವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರೇ. ಅದೇ ಸಂಸ್ಥೆಯ ಇನ್ನೊಂದು ಆವರಣ ಇಲ್ಲೇ ಕುದಾಪುರದಲ್ಲಿ ಇದೆ ಎನ್ನುವುದು ಒಂದು ಚಂದದ ಕಾಕತಾಳೀಯ. 1829ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಪಾಂಡಿಚೇರಿಯಿಂದ ಹೋದ ಒಂದು ಓತಿಕ್ಯಾತಕ್ಕೆ ಸಿಟಾನ ಪಾಂಟಿಸೆರಿಯಾನ ಎಂದು ಹೆಸರಿಟ್ಟ. 1870ರಲ್ಲಿ ಜೆರ್ಡನ್ ದಖ್ಖನಿನದು ಬೇರೆ ಎಂದ, ಆದರೆ ಆ ಮಾತು ಹೆಚ್ಚು ನಿಲ್ಲಲಿಲ್ಲ. ಮುಂದೆ ಭಾರತದ ಬಯಲುಗಳಲ್ಲಿ ಗಂಟಲು ಬಿಚ್ಚಿದ ಬಹುಪಾಲು ಓತಿಕ್ಯಾತಗಳೆಲ್ಲ ಪಾಂಡಿಚೇರಿಯ ಹೆಸರಿನಡಿಯೇ ಬದುಕಿದವು. 2016ರಲ್ಲಿ ವಿ. ದೀಪಕ್, ವರದ ಗಿರಿ, ಪ್ರವೀಣ್ ಕಾರಂತ ಮತ್ತು ಸಂಗಡಿಗರು ಊರೂರು ಸುತ್ತಿ ಸಂಗ್ರಹಿಸಿದ್ದನ್ನು ಅಳೆದು, ಡಿಎನ್‌ಎ ಓದಿ, ಇದು ಒಂದು ಮನೆಯಲ್ಲ, ಒಂದು ಕೇರಿ ಎಂದು ತೋರಿಸಿದರು. ಒಂದೇ ಪ್ರಬಂಧದಲ್ಲಿ ಐದು ಹೊಸ ಪ್ರಭೇದ. ಮೈ ದೊಡ್ಡದಾದ, ಗಂಟಲಲ್ಲಿ ನೀಲಿ, ಕಪ್ಪು, ಕಿತ್ತಳೆ ಮಿಂಚುವ ಗುಂಪಿಗೆ 'ಸರಡಾ' ಎಂಬ ಹೊಸ ಕುಲ. ಜೆರ್ಡನ್ ಹೇಳಿದ್ದು ನಿಜವಾಗಿ, ದಖ್ಖನಿನ ಪ್ರಭೇದಕ್ಕೆ ಅದರ ಹಳೆಯ ಹೆಸರು ಮರಳಿ ಸಿಕ್ಕಿತು. ಹೊಸಬರಲ್ಲಿ ಒಂದು ಡಾರ್ವಿನ್ನನ ಹೆಸರು ಹೊತ್ತಿತು. 2018ರಲ್ಲಿ ನಮ್ಮ ಗೋಕಾಕದ ಹೆಸರಿನಲ್ಲೇ ಇನ್ನೊಂದು ಬಂತು, ಸಿಟಾನ ಗೋಕಾಕೆನ್ಸಿಸ್.

ಹೆಸರು ಹೆಚ್ಚಾಯಿತು ಎನ್ನುವುದಕ್ಕಿಂತ ದೊಡ್ಡ ಸುದ್ದಿ 2018ರಲ್ಲೇ ಬಂದ ಮತ್ತೊಂದು ಪ್ರಬಂಧದಲ್ಲಿತ್ತು. ಡಿಎನ್‌ಎಯಲ್ಲಿ ಬದಲಾವಣೆಗಳು ಹೆಚ್ಚು ಕಡಿಮೆ ಒಂದು ವೇಗದಲ್ಲಿ ಸೇರುತ್ತ ಹೋಗುತ್ತವೆ. ವಯಸ್ಸು ಗೊತ್ತಿರುವ ಪಳೆಯುಳಿಕೆಗಳ ಜೊತೆ ಅದನ್ನು ತಾಳೆ ನೋಡಿದರೆ ಯಾವ ಕವಲು ಯಾವಾಗ ಒಡೆಯಿತು ಎಂದು ಅಂದಾಜು ಮಾಡಬಹುದು. ದೀಪಕ್ ಮತ್ತು ಕಾರಂತರು ಹಾಗೆ ಲೆಕ್ಕ ಹಾಕಿದಾಗ, ಕಾಡಿನ ಕವಲಿನಿಂದ ಬಯಲಿನ ಕವಲು ಬೇರೆಯಾದದ್ದೂ, ಬಯಲಿನದು ಮತ್ತೆ ಮತ್ತೆ ಒಡೆದು ಹಲವಾದದ್ದೂ ಉಪಖಂಡ ಒಣಗುತ್ತ ಹೋದ ಕಾಲಕ್ಕೆ ಕೂಡಿಬಂತು. ಮಯೋಸೀನ್ ಎನ್ನುವ ಆ ಯುಗ ಸುಮಾರು 2.3 ಕೋಟಿ ವರ್ಷದ ಹಿಂದೆ ಶುರುವಾಗಿ 53 ಲಕ್ಷ ವರ್ಷದ ಹಿಂದೆ ಮುಗಿದದ್ದು. ಅದರ ಕೊನೆಯ ಭಾಗದಲ್ಲಿ ಮಳೆ ವರ್ಷದ ಕೆಲವೇ ತಿಂಗಳಿಗೆ ಕಟ್ಟಿಬಿತ್ತು, ಕಾಡು ಹಿಂದೆ ಸರಿಯಿತು, ಬಿಸಿಲಿಗೆ ಒಗ್ಗಿದ ಹುಲ್ಲು ಹಬ್ಬಿತು. ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನಲ್ಲಿ ಆ ಹುಲ್ಲಿನ ಗುರುತು ಸುಮಾರು 80 ಲಕ್ಷ ವರ್ಷದಿಂದೀಚೆ ಸ್ಪಷ್ಟವಾಗಿದೆ.

ಅಂದರೆ ನನ್ನೆದುರು ಕಲ್ಲಿನ ಮೇಲೆ ಕುಣಿಯುತ್ತಿದ್ದವನು ಬರಗಾಲದ ಮಗ. ನಾವು ಈ ಸೀಮೆಗೆ ಶಾಪ ಅಂತ ಕರೆಯುವ ಒಣಹವೆಯೇ ಅವನ ವಂಶವನ್ನು ಸೃಷ್ಟಿಸಿತು. ಬಯಲು ಹಬ್ಬಿತು, ನಡುವೆ ಹೊಳೆ ಹರಿಯಿತು, ಬೆಟ್ಟ ಅಡ್ಡ ನಿಂತಿತು, ಎಲ್ಲೋ ಒಂದು ಪಟ್ಟಿ ಕಾಡು ಉಳಿಯಿತು. ಆಚೆಯವು ಆಚೆ, ಈಚೆಯವು ಈಚೆ. ಒಂದು ಕಡೆ ಗಂಟಲ ಬಣ್ಣ ತುಸು ಗಾಢವಾದ ಗಂಡುಗಳು ಹೆಣ್ಣುಗಳಿಗೆ ಹಿಡಿಸಿದವು, ಇನ್ನೊಂದು ಕಡೆ ತಲೆ ಆಡಿಸುವ ಲಯ ಬದಲಾಯಿತು. ಕೆಲವು ಬದಲಾವಣೆಗಳಿಗೆ ಕಾರಣವೇ ಇಲ್ಲ, ಸಣ್ಣ ಗುಂಪಿನಲ್ಲಿ ಅದೃಷ್ಟ ಆಡಿದ ಆಟ. ಸಾವಿರಾರು ತಲೆಮಾರು ಕಳೆದು ಎರಡೂ ಗುಂಪು ಮತ್ತೆ ಎದುರಾದಾಗ, ಈ ಹೆಣ್ಣಿಗೆ ಆ ಗಂಡಿನ ಕುಣಿತ ಅರ್ಥವೇ ಆಗುವುದಿಲ್ಲ. ಅಲ್ಲಿಗೆ ಪ್ರಭೇದ ಎರಡಾಯಿತು. ಇದಕ್ಕೆ ಯಾವ ಮುಹೂರ್ತವೂ ಇಲ್ಲ. ಇಂಥ ದಿನ ಹುಟ್ಟಿತು ಎಂದು ಜಾತಕ ಬರೆಯಲಾಗದ ಹುಟ್ಟು ಇದು.

ಕಿಲಾರಿಗೆ ಇದನ್ನೆಲ್ಲ ನನಗೆ ತಿಳಿದಷ್ಟು ಹೇಳಿದೆ. ಕೇಳಿಸಿಕೊಂಡು ಅವರು ತಮ್ಮ ದನಗಳ ಕಡೆ ಕೋಲು ತೋರಿಸಿದರು. "ಹಂಗಾರೆ ಇವೂ ಬ್ಯಾರೆ ಜಾತಿಯೇ. ಸೀಮೆ ಹಸೀಗೂ ಇದಕ್ಕೂ ಎಲ್ಲಿಂದೆಲ್ಲಿ?"

ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ತಮಾಷೆಯದು. ಈ ಕಾವಲಿಗೆ ಹೆಸರು ಕೊಟ್ಟ ಅಮೃತಮಹಲ್ ತಳಿಯೇ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳನ್ನು ಕೂಡಿಸಿ ಅರಸರ ಕಾಲದಲ್ಲಿ ಕಟ್ಟಿದ್ದು. ಒಡೆಯರ ಬೆಣ್ಣೆ ಚಾವಡಿಯಲ್ಲಿ ಶುರುವಾಗಿ, ಹೈದರಾಲಿಯ ಫಿರಂಗಿಗಳನ್ನು ಎಳೆದು, ಟಿಪ್ಪುವಿನಿಂದ ಈಗಿನ ಹೆಸರು ಪಡೆದದ್ದು. ಹೀಗೆ ಆರಿಸಿ ಆರಿಸಿ ಬೆಳೆಸಿದರೆ ಎಷ್ಟು ಬೇಗ ಮೈಕಟ್ಟು ಬದಲಾಗುತ್ತದೆ ಎನ್ನುವುದನ್ನೇ ಡಾರ್ವಿನ್ ಪಾರಿವಾಳಗಳಲ್ಲಿ ನೋಡಿ, ನಿಸರ್ಗವೂ ಇದನ್ನೇ ಮಾಡುತ್ತದೆ ಎಂದದ್ದು. ಆದರೆ ತಳಿ ಪ್ರಭೇದವಲ್ಲ. ನಮ್ಮ ಡುಬ್ಬದ ದನಕ್ಕೂ ಯುರೋಪಿನ ಡುಬ್ಬವಿಲ್ಲದ ದನಕ್ಕೂ ಕಾಡಿನ ಪೂರ್ವಜರೇ ಬೇರೆ, ಅವು ಕವಲೊಡೆದು ಲಕ್ಷಾಂತರ ವರ್ಷ ಆಗಿದೆ. ಆದರೂ ಜೆರ್ಸಿ ಹೋರಿಯ ಬೀಜಕ್ಕೆ ನಾಟಿ ಹಸು ಕರು ಹಾಕುತ್ತದೆ, ಆ ಕರುವೂ ಮುಂದೆ ಕರು ಹಾಕುತ್ತದೆ. ಕೂಡಿ ಫಲ ಕೊಡುವವೆಲ್ಲ ಒಂದು ಪ್ರಭೇದ ಎಂದು 1942ರಲ್ಲಿ ಜೀವಶಾಸ್ತ್ರಜ್ಞ ಅರ್ನ್ಸ್ಟ್ ಮೇಯರ್ ಬರೆದ ಲಕ್ಷಣ ಪಾಠಪುಸ್ತಕದಲ್ಲಿ ಚೆನ್ನಾಗಿ ಕೂರುತ್ತದೆ. ಕೊಟ್ಟಿಗೆಗೆ ಬಂದರೆ ಸ್ವಲ್ಪ ಉಸಿರು ಕಟ್ಟುತ್ತದೆ. ನನಗೇನೋ ಈ ಉಸಿರುಕಟ್ಟುವಿಕೆಯೇ ಇಷ್ಟ. ಪ್ರಭೇದಗಳು ಹುಟ್ಟುತ್ತಲೇ ಇರುವ ಲೋಕದಲ್ಲಿ ಎಲ್ಲ ಹೆರಿಗೆಗಳೂ ಮುಗಿದೇ ಇರಬೇಕೆಂದು ಯಾಕೆ ಹಟ ಹಿಡಿಯಬೇಕು?

ಹನ್ನೊಂದಾಗುವಷ್ಟರಲ್ಲಿ ಓತಿಕ್ಯಾತಗಳೂ ನೆರಳಿಗೆ ಸರಿದವು. ನಾನು ಮೊಳಕಾಲ್ಮುರು ದಾರಿ ಹಿಡಿದೆ. ಬ್ರಹ್ಮಗಿರಿಗೆ ಹೋಗುವ ಯೋಜನೆ ಬೇರೆ ಕಾರಣಕ್ಕೆ ಹಾಕಿದ್ದು, ಅಲ್ಲಿಯೂ ವಂಶವೃಕ್ಷವೇ ಎದುರಾಗುತ್ತದೆಂದು ಎಣಿಸಿರಲಿಲ್ಲ.

1892ರಲ್ಲಿ ಬಿ. ಎಲ್. ರೈಸ್ ಇಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದರು. ಒಂದಲ್ಲ, ಹತ್ತಿರ ಹತ್ತಿರದ ಮೂರು ಕಡೆ ಒಂದೇ ಶಾಸನದ ಮೂರು ಪ್ರತಿ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಬ್ರಹ್ಮಗಿರಿಯ ಬಂಡೆಗೆ ಊರಿನವರು ಅಕ್ಷರಗುಂಡು ಎನ್ನುತ್ತಿದ್ದರು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು, ಅದರ ಅಕ್ಷರ ಬಹಳ ಸವೆದಿದೆ. ಸವೆದ ಕಡೆ ಏನಿತ್ತೆಂದು ಪಂಡಿತರು ತಿಳಿದದ್ದು ಉಳಿದ ಎರಡು ಪ್ರತಿಗಳ ಜೊತೆ ಸಾಲು ಸಾಲು ಇಟ್ಟು ನೋಡಿ.

ಇದೇ ಆಜ್ಞೆ ಇನ್ನೂ ಹಲವು ಕಡೆ ಇದೆ. ನಮ್ಮ ರಾಯಚೂರಿನ ಮಸ್ಕಿಯಲ್ಲಿ, ದೂರದ ಬಿಹಾರದ ಸಹಸ್ರಾಮಿನಲ್ಲಿ, ಮಧ್ಯಪ್ರದೇಶದ ರೂಪನಾಥದಲ್ಲಿ. ಆದರೆ ಬ್ರಹ್ಮಗಿರಿ, ಸಿದ್ದಾಪುರದ ಪ್ರತಿಗಳ ಶುರುವಿನಲ್ಲಿ ಮಾತ್ರ ಸುವರ್ಣಗಿರಿಯ ರಾಜಕುಮಾರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲವೆಂಬ ಊರಿನ ಮಹಾಮಾತ್ರರ ಕ್ಷೇಮ ವಿಚಾರಿಸುವ ಒಕ್ಕಣೆ ಇದೆ. ಮಸ್ಕಿಯಲ್ಲಿ ಅದಿಲ್ಲ. ಇಲ್ಲಿನ ಮೂರೂ ಪ್ರತಿಗಳ ಕೊನೆಗೆ ಬರೆದವನ ಹೆಸರು, ಚಪಡ. ಅವನ ಹುದ್ದೆ ಮಾತ್ರ ಉಳಿದ ಶಾಸನದ ಬ್ರಾಹ್ಮಿ ಲಿಪಿಯಲ್ಲಲ್ಲ, ಗಾಂಧಾರದ ಕಡೆ ನಡೆಯುತ್ತಿದ್ದ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ. ಮೊಳಕಾಲ್ಮುರಿನ ಬಂಡೆಯ ಮೇಲೆ ವಾಯವ್ಯ ಗಡಿಯ ಲಿಪಿ! ಒಬ್ಬ ಗುಮಾಸ್ತ ತನ್ನ ವಿದ್ಯೆ ಮೆರೆಸಿಕೊಂಡ ಆ ಒಂದು ಗಳಿಗೆ, 2,200 ವರ್ಷ ಕಳೆದ ಮೇಲೂ ಈ ಮೂರು ಪ್ರತಿಗಳನ್ನು ಒಂದೇ ಬಳ್ಳಿಗೆ ಕಟ್ಟಿಹಾಕಿದೆ. ಆಜ್ಞೆಯ ಮೂಲ ಮಾತು ಎಲ್ಲ ಕಡೆ ಇರುವಂಥದ್ದು, ಐದು ಬೆರಳಿನ ಹಾಗೆ. ಒಕ್ಕಣೆ ಮತ್ತು ಖರೋಷ್ಠಿ ನಾಲ್ಕು ಬೆರಳಿನ ಹಾಗೆ. ಬಂಡೆಯ ಮುಂದೆ ನಿಂತು ನನಗೆ ನಗು ಬಂತು. ಬೆಳಿಗ್ಗೆ ಓತಿಕ್ಯಾತದ ಕಾಲಿನಲ್ಲಿ ಓದಿದ ವ್ಯಾಕರಣವನ್ನೇ ಮಧ್ಯಾಹ್ನ ಕಲ್ಲಿನಲ್ಲಿ ಓದುತ್ತಿದ್ದೆ.

ಆ ಬ್ರಾಹ್ಮಿಯೇ ಮುಂದೆ ಕವಲೊಡೆದು ಕನ್ನಡವೂ ತೆಲುಗೂ ಆಯಿತು. ಬಹುಕಾಲ ಎರಡಕ್ಕೂ ಒಂದೇ ಲಿಪಿ ಇತ್ತು. ಬೇರೆಯಾದದ್ದು ಯಾವ ದಿನ ಎಂದು ಯಾರು ಹೇಳುತ್ತಾರೆ? ಇಲ್ಲಿನ ಅಂಗಡಿಗಳಲ್ಲಿ ಕೂತರೆ ಒಂದೇ ವಾಕ್ಯ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವುದನ್ನು ಕೇಳಬಹುದು. ಭಾಷೆಗಳಿಗೂ ಜೀವಶಾಸ್ತ್ರದ್ದೇ ಲೆಕ್ಕ ಹಾಕಿ, ದ್ರಾವಿಡ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದು 2018ರಲ್ಲಿ ಒಂದು ತಂಡ ಅಂದಾಜು ಮಾಡಿತು. ಓತಿಕ್ಯಾತದ ಮುಂದೆ ಅದು ನಿನ್ನೆ ಮೊನ್ನೆಯದು. ಇಲ್ಲಿನ ಬಂಡೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು, ಅವುಗಳ ಮುಂದೆ ಓತಿಕ್ಯಾತವೂ ನಿನ್ನೆಯದೇ.

ಸಂಜೆ ಮತ್ತೆ ಕಾವಲಿನ ಅಂಚಿಗೆ ಬಂದಾಗ ಶೇಂಗಾ ಹೊಲಗಳ ಆಚೆ ಕೃಷ್ಣಮೃಗಗಳು ಕಂಡವು. ಕಪ್ಪು ಗಂಡು ಒಂದು, ಕೊಂಬು ಬೆನ್ನಿಗೆ ತಾಗುವಷ್ಟು ತಲೆಯೆತ್ತಿ ನಡೆಯುತ್ತಿತ್ತು. ಆಂಟಿಲೋಪ್ ಎಂಬ ಕುಲದಲ್ಲಿ ಇಂದು ಉಳಿದಿರುವ ಪ್ರಭೇದ ಇದೊಂದೇ. ಇದರ ನೆಂಟರು ಆಫ್ರಿಕ, ಅರೇಬಿಯದ ಗ್ಯಾಜೆಲ್‌ಗಳು. ಎಷ್ಟು ಹತ್ತಿರದವರು ಎನ್ನುವುದರಲ್ಲಿ ಒಂದು ಜಗಳವೇ ನಡೆದಿದೆ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ಓದಿದರೆ ಕೃಷ್ಣಮೃಗ ಗ್ಯಾಜೆಲ್‌ಗಳ ಮನೆಯೊಳಗೇ ಬರುತ್ತದೆ. ಜೀವಕೋಶದ ಕೇಂದ್ರದಲ್ಲಿರುವ, ಅಪ್ಪ ಅಮ್ಮ ಇಬ್ಬರಿಂದಲೂ ಬಂದ ಡಿಎನ್‌ಎಯ ಹಲವು ತುಣುಕುಗಳನ್ನು ಕಾರಂತರ ಪ್ರಯೋಗಾಲಯದವರು ಓದಿದಾಗ ಅದು ಪಕ್ಕದ ಮನೆಗೆ ಸರಿಯಿತು, ಅಕ್ಕತಂಗಿ ಕುಲವಾಗಿ. ತಾಯಿ ಕಡೆಯ ವಂಶಾವಳಿಯನ್ನಷ್ಟೇ ನಂಬಿದರೆ ಇಡೀ ಮನೆತನದ ಕಥೆ ಸಿಗುವುದಿಲ್ಲ ಎನ್ನುವುದು ಹೊಸ ಮಾತೇನಲ್ಲ. ಅದೇ ಪ್ರಯೋಗಾಲಯದ ಇನ್ನೊಂದು ಅಧ್ಯಯನ ದೇಶದ ಕೃಷ್ಣಮೃಗಗಳಲ್ಲಿ ಉತ್ತರ, ದಕ್ಷಿಣ, ಪೂರ್ವ ಎಂಬ ಮೂರು ಗುಂಪುಗಳನ್ನು ಗುರುತಿಸಿದೆ. ಈಗಿನ್ನೂ ಎಲ್ಲವೂ ಒಂದೇ ಪ್ರಭೇದ.

ಅವುಗಳ ಹಿಂದೆ ದಿಗಂತದುದ್ದಕ್ಕೂ ಗೋಡೆ. ಜೀವಿಗಳನ್ನು ಬೇರ್ಪಡಿಸಿದರೆ ಹೊಸ ಪ್ರಭೇದ ಹುಟ್ಟುವುದಾದರೆ ಗೋಡೆಯೂ ಆ ಕೆಲಸ ಮಾಡುವುದಿಲ್ಲವೇ ಎಂದು ಯಾರಾದರೂ ಕುಚೋದ್ಯಕ್ಕೆ ಕೇಳಬಹುದು. ಮಾಡುವುದಿಲ್ಲ. ಪ್ರಭೇದ ಒಡೆಯಲು ಎರಡೂ ಕಡೆ ಉಳಿದು ಬಾಳಬಲ್ಲ ಗುಂಪು ಬೇಕು, ತುಂಬ ಕಾಲ ಬೇಕು. ಸಣ್ಣ ತುಂಡಿನಲ್ಲಿ ಸಿಕ್ಕಿಕೊಂಡ ನಾಲ್ಕಾರು ಪ್ರಾಣಿಗಳು ಒಳಗೊಳಗೇ ಕೂಡುತ್ತವೆ, ವೈವಿಧ್ಯ ಕಳೆದುಕೊಳ್ಳುತ್ತವೆ, ಒಂದು ಕೆಟ್ಟ ವರ್ಷಕ್ಕೆ ಮುಗಿದು ಹೋಗುತ್ತವೆ. ಬೆಟ್ಟ ಅಡ್ಡ ಬರುವುದಕ್ಕೂ ಕಾಂಪೌಂಡು ಅಡ್ಡ ಬರುವುದಕ್ಕೂ ಇರುವ ವ್ಯತ್ಯಾಸ ಅದು.

ಕಿಲಾರಿ ದನ ಹೊಡೆದುಕೊಂಡು ರೊಪ್ಪದ ಕಡೆ ಹೊರಟಿದ್ದವರು ನನ್ನನ್ನು ಕಂಡು ನಿಂತರು. ಅವರ ಕಾಲ ಬುಡದಲ್ಲೇ ಒಂದು ಸಣ್ಣ ಹಲ್ಲಿ ಹುಲ್ಲಿನಿಂದ ಹುಲ್ಲಿಗೆ ಜಾರಿತು. ಮೈಗಿಂತ ಬಾಲವೇ ಬಹಳ ಉದ್ದ, ಪಕ್ಕೆಯ ಮೇಲೆ ತಿಳಿ ಗೆರೆ. ಕೂತು ಹತ್ತಿರದಿಂದ ನೋಡಿದೆ, ಅದೂ ನನ್ನನ್ನು ನೋಡಿತು, ಕಣ್ಣು ಮಿಟುಕಿಸಲಿಲ್ಲ. ಮಿಟುಕಿಸಲು ಬರುವುದಿಲ್ಲ. ಅದರ ರೆಪ್ಪೆ ಹಾವಿನದರಂತೆ ಪಾರದರ್ಶಕವಾಗಿ ಕಣ್ಣಿಗೇ ಅಂಟಿಕೊಂಡಿದೆ. ಓಫಿಸಾಪ್ಸ್ ಕುಲ. ಬಯಲು ಬಿಟ್ಟು ಬೇರೆಡೆ ಬದುಕದ ಈ ಕುಲದ ವಂಶವೃಕ್ಷವನ್ನು ಇಶಾನ್ ಅಗರ್ವಾಲ್ ಮತ್ತು ಉಮಾ ರಾಮಕೃಷ್ಣನ್ 2017ರಲ್ಲಿ ಬಿಡಿಸಿದರು. ಇವುಗಳ ಕವಲುಗಳು ಬಹಳ ಹಳೆಯವು. ಅವು ಹಳೆಯವಾದರೆ ಅವು ಓಡಾಡಿದ ಹುಲ್ಲುಗಾವಲೂ ಹಳೆಯದೇ, ಕಾಡು ಕಡಿದು ಮನುಷ್ಯ ಮಾಡಿದ್ದಲ್ಲ. ಪುಸ್ತಕದಲ್ಲಿ ಇರುವುದು ಬೆರಳೆಣಿಕೆಯ ಹೆಸರುಗಳು, ಡಿಎನ್‌ಎ ತೋರಿಸುವ ಕವಲುಗಳು ಅದರ ಎಷ್ಟೋ ಪಟ್ಟು. ಹೆಚ್ಚಿನವಕ್ಕೆ ಇನ್ನೂ ಹೆಸರಿಡಬೇಕಾಗಿದೆ.

"ಇದಕ್ಕೂ ಹೆಸ್ರಿಲ್ವಾ?" ಕಿಲಾರಿ ಕೇಳಿದರು.

"ಇದಕ್ಕೆ ಇರಬಹುದು. ಇದರ ಎಷ್ಟೋ ಅಣ್ಣತಮ್ಮಂದಿರಿಗೆ ಇಲ್ಲ ಯಜಮಾನ್ರೆ."

ಅವರು ಗೋಡೆಯ ಕಡೆ ಗದ್ದ ಎತ್ತಿ ತೋರಿಸಿದರು. "ಅದ್ರೊಳಗೂ ಇರ್ತಾವೆ. ನಾವು ದನ ಮೇಯಿಸ್ತಿದ್ ಜಾಗ ಅದು. ಹೆಸ್ರು ಇಡೋಕೆ ಯಾರ್ನಾದ್ರೂ ಒಳಗ್ ಬಿಟ್ರೆ, ನನಗೊಂದ್ ಮಾತು ಹೇಳಿ ಸಾಮಿ. ಯಾವ ಕಲ್ ತಾವ ಎಷ್ಟು ಅವೆ ಅಂತ ನಾ ತೋರಿಸ್ತೀನಿ."